ಬಿಚ್ಚಬ್ಯಾಡ್ರಿ ಎಂದವಳಿಗೆ

ಅವ್ವಾ,

ನೀನು ಓದಲು ಕಲಿತವಳಲ್ಲ. ಹಾಸ್ಟೆಲಿನಿಂದ ನಾನು ಬರೆದದ್ದನ್ನೆಲ್ಲ ಬೇರೆ ಯಾರೋ ಓದಿ ಹೇಳುತ್ತಿದ್ದರು. ಹಾಗಾಗಿ ತೀರಿಹೋಗಿ ಎರಡು ವರ್ಷವಾದ ನಿನಗೆ ಈಗ ಬರೆಯುವುದು ನನಗೆ ಅಷ್ಟೇನೂ ವಿಚಿತ್ರ ಅನ್ನಿಸುತ್ತಿಲ್ಲ. ಈ ಸಲವೂ ಯಾರೋ ಓದಿ ಹೇಳಿಯಾರು. ಮೊನ್ನೆ ಗುರುವಾರ ನಾನು ಊರಿಗೆ ಹೋಗಿದ್ದೆ. ಮುನಿರಾಬಾದಿಗಲ್ಲ. ಆ ಊರಿಗೆ. ನಾವಿಬ್ಬರೂ ಯಾರ ಮುಂದೆಯೂ ಹೆಸರು ಹೇಳದ ಕಾಲುವೆ ಬದಿಯ ಊರಿಗೆ. ನಾನು ಪಾಠ ಮಾಡುವ ಗಂಗಾವತಿಯ ಕಾಲೇಜಿನಿಂದ ಬಸ್ಸಿನಲ್ಲಿ ಒಂದು ತಾಸು ಕೂಡ ಇಲ್ಲ. ನನಗೆ ಮೂವತ್ತೊಂದು ವರ್ಷ ಹಿಡಿಯಿತು.

ಆ ಡಿಸೆಂಬರ್ ನೆನಪಾಗುತ್ತದೆ. ಹೊಸಪೇಟೆಯ ಸಿಸ್ಟರುಗಳ ಇಂಗ್ಲಿಷ್ ಶಾಲೆಯಿಂದ ಕ್ರಿಸ್‌ಮಸ್ ರಜೆಗೆ ಬಂದಿದ್ದೆ. ನನಗೆ ಹದಿಮೂರು. ಭತ್ತದ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಸುರಿದು, ಗೌಡರ ಹುಲ್ಲೆಲ್ಲ ತೊಯ್ದಿತ್ತು. ಎರಡು ದಿನ ಬಿಸಿಲಿಗೆ ಹರವೋಣ ಎಂದು ನೀನು ಹೇಳಿದೆಯಂತೆ. "ಯಾರ ಹೊಲ, ಯಾರ ಹುಲ್ಲು? ನೀ ಒಟ್ಟು ಸುಮ್ನ, ಮತ್ತ ಮೋಡ ಆಗೇತಿ" ಅಂದರಂತೆ ಗೌಡರು. ಕೂಲಿಯವರೆಲ್ಲ ಸೇರಿ ಹಸಿ ಹುಲ್ಲನ್ನೇ ಬಣವೆ ಒಟ್ಟಿದಿರಿ. ನಾನು ಬರುವ ಹೊತ್ತಿಗೆ ಅದು ಕಣದಲ್ಲಿ ನಿಂತು ಮೂರು ವಾರವಾಗಿತ್ತು. ಮುಂಜಾನೆ ಬೇರೆಲ್ಲ ಬಣವೆಗಳ ಮೇಲೆ ಬೆಳ್ಳಗೆ ಇಬ್ಬನಿ ಕೂತಿರುತ್ತಿತ್ತು, ಅದರ ಮೇಲೆ ಒಂದು ಹನಿಯೂ ಇಲ್ಲ. ಊರಿನ ಬೆಕ್ಕುಗಳೆಲ್ಲ ಬಂದು ಅದಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದವು. ಆಮೇಲೆ ಒಂದು ದಿನ ಒಂದು ಬೆಕ್ಕೂ ಇರಲಿಲ್ಲ.

ನಸುಕಿನಲ್ಲಿ ನೀನು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋಗಿ, ಮೊಣಕೈವರೆಗೆ ಕೈಯನ್ನು ಹುಲ್ಲಿನೊಳಗೆ ತೂರಿಸಿ, ಕಣ್ಣು ಮುಚ್ಚಿಕೊಂಡು ನಿಂತದ್ದು ಈಗಲೂ ಕಾಣಿಸುತ್ತದೆ. "ಒಳಗ ಉಸಿರಾಡಾಕತ್ತೈತಿ ನೋಡು," ಅಂದೆ. ನಿನ್ನ ತವರು ಯಲಬುರ್ಗಾ ಕಡೆಯ ಒಣಭೂಮಿ, ನೀನು ಬೆಳೆದದ್ದು ತಿಪ್ಪೆಗೊಬ್ಬರದ ನಡುವೆ. ಚಳಿಗಾಲದಲ್ಲಿ ತಿಪ್ಪೆ ಹೊಗೆಯಾಡುವುದು ನಿನಗೆ ಗೊತ್ತಿತ್ತು, ಎಷ್ಟು ಬಿಸಿಯಾದರೆ ಕೆದಕಬಾರದು ಎಂಬುದೂ ಗೊತ್ತಿತ್ತು. ನನಗೆ ಏನು ಗೊತ್ತಿತ್ತು? ನಾನೂ ಕೈ ಹಾಕಿದೆ. ಬೆಚ್ಚಗೆ, ಒದ್ದೆಯಾಗಿ, ಯಾರದೋ ಬಾಯೊಳಗೆ ಕೈ ಇಟ್ಟ ಹಾಗಿತ್ತು. ಬೆಲ್ಲ ಕಾಯಿಸುವ ವಾಸನೆ ಬರುತ್ತಿತ್ತು. ಕೈ ಕಿತ್ತುಕೊಂಡು ಮನೆಯವರೆಗೂ ಓಡಿದೆ. ನೀನು ಹಿಂದಿನಿಂದ ನಗುತ್ತಿದ್ದೆ, ಹಲ್ಲು ಕಾಣುವ ಹಾಗೆ. ನೀನು ಹಾಗೆ ನಕ್ಕದ್ದು ಅದೇ ಕೊನೆ ಇರಬೇಕು.

ಎರಡು ದಿನದ ಮೇಲೆ ಬಣವೆಯ ನೆತ್ತಿಯಿಂದ ಹೊಗೆ ಎದ್ದಿತು. ದಾರದಂಥ ಹೊಗೆ, ಗಾಳಿಯಿಲ್ಲದೆ ನೆಟ್ಟಗೆ ನಿಂತಿತ್ತು. ಯಾರೂ ಕಡ್ಡಿ ಗೀರಿಲ್ಲ, ಹತ್ತಿರದಲ್ಲಿ ಒಲೆಯಿಲ್ಲ. ಭಾನಾಮತಿ ಅಂದರು. ಯಾರೋ ಮಾಟ ಮಾಡಿ, ಮುಟ್ಟದೆ ಬೆಂಕಿ ಹಚ್ಚುತ್ತಿದ್ದಾರೆ ಎಂದು. ಗೌಡರು ದೇವರು ಮೈದುಂಬುವವನ ಹತ್ತಿರ ಹೇಳಿಕೆ ಕೇಳಿಸಿಕೊಂಡು ಬಂದರು: ಬಣವೆಯ ಒಳಗೆ ಒಂದು ವಸ್ತು ಹೂತಿದ್ದಾರೆ, ತೆಗೆಯಬೇಕು. ಹೂತವರು ಯಾರು? ಗೌಡರ ಮಗ, ಆಗಿನ್ನೂ ಮೀಸೆ ಚಿಗುರಿದ್ದ ಸಣ್ಣಗೌಡ, ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಕೇಳಿದ, "ನೀ ಇಂಗ್ಲಿಷ್ ಸಾಲಿ ಹುಡುಗಿ, ಸುಳ್ಳು ಹೇಳಂಗಿಲ್ಲ. ನಿಮ್ಮವ್ವ ಬಣವಿ ಹತ್ರ ಹೋಗಿದ್ಲೇನು?"

ನಾನು ಹೇಳಿದೆ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದೆ. ದಿನಾ ನಸುಕಿನಲ್ಲಿ ಹೋಗುತ್ತಾಳೆ. ಕೈ ಒಳಗೆ ಹಾಕುತ್ತಾಳೆ. ಕಣ್ಣು ಮುಚ್ಚುತ್ತಾಳೆ. ಒಳಗೆ ಉಸಿರಾಡುತ್ತಿದೆ ಅನ್ನುತ್ತಾಳೆ. ದೊಡ್ಡವರೆಲ್ಲ ನನ್ನ ಮಾತಿಗೆ ಕಿವಿಗೊಟ್ಟು ನಿಂತದ್ದು ನನಗೆ ಹೆಮ್ಮೆಯಾಗಿತ್ತು ಎಂಬುದನ್ನೂ ಬರೆದುಬಿಡುತ್ತೇನೆ. ಪ್ರತಿ ಮಾತೂ ನಿಜವಾಗಿತ್ತು ಅವ್ವಾ. ಅದರಿಂದಲೇ...

ಅವರು ಕೊಕ್ಕೆ ಹಿಡಿದು ಬಣವೆಗೆ ಏಣಿ ಹಚ್ಚುವಾಗ ನೀನು ಗದ್ದೆಯಿಂದ ಓಡಿ ಬಂದೆ. "ಬಿಚ್ಚಬ್ಯಾಡ್ರಿ ಯಪ್ಪಾ, ಕಾಲಿಗೆ ಬೀಳ್ತೀನಿ! ಗಾಳಿ ಹೊಕ್ರ ಹತ್ತತೈತಿ!" "ನೋಡ್ರಿ, ಇಟ್ಟಾಕಿಗೇ ಚಿಂತಿ," ಅಂದ ಒಬ್ಬ. ಜನ ನಕ್ಕರು. ಕೊಕ್ಕೆ ಹಾಕಿ ಎಳೆದರು. ಒಳಗೆ ಪೊಳ್ಳಾಗಿತ್ತು, ಒಂದು ಸಣ್ಣ ಖೋಲಿಯಷ್ಟು, ಗೋಡೆಗಳು ಕರ್ರಗೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ, ಅಲ್ಲಿ ಇಷ್ಟು ದಿನ ಕೂತಿದ್ದ ಯಾರೋ ಎದ್ದು ನಿಂತ ಹಾಗೆ, ಉರಿ ಆಳೆತ್ತರ ಎದ್ದಿತು. ನೀನು ಹತ್ತತೈತಿ ಅಂದಿದ್ದೆ, ಹತ್ತಿತು. ಇನ್ನು ಯಾವ ಸಾಕ್ಷಿ ಬೇಕಿತ್ತು ಅವರಿಗೆ? ಮಂತ್ರ ಹೇಳುವ ಬಾಯಿಯ ಹಲ್ಲು ಕಿತ್ತರೆ ಮಂತ್ರ ಕೆಡುತ್ತದೆ ಎಂದು ಆ ಕಡೆ ನಂಬುತ್ತಾರೆ. ಇಕ್ಕಳ ಯಾರು ತಂದರೋ ನಾನು ನೋಡಲಿಲ್ಲ. ನನ್ನನ್ನು ಗೌಡರ ಮನೆಯ ನಡುಮನೆಯಲ್ಲಿ ಕೂಡಿಸಿದ್ದರು, ತಿನ್ನಲು ಕೈಯಲ್ಲಿ ಒಂದು ಉಂಡೆ ಕೊಟ್ಟು. ನಿನ್ನ ಮುಂದಿನ ಎರಡು ಹಲ್ಲು. ಕೊಪ್ಪಳದ ದವಾಖಾನೆಯಲ್ಲಿ ನೀನು "ಬಿದ್ದೆನ್ರಿ" ಅಂದೆ.

ಆ ಊರಿಗೆ ನಾವು ಮರಳಲಿಲ್ಲ. ಮುನಿರಾಬಾದಿನ ಡ್ಯಾಮ್ ಕಾಲೊನಿಯಲ್ಲಿ ನೀನು ಕಸ ಗುಡಿಸುತ್ತಾ ನನ್ನನ್ನು ಓದಿಸಿದೆ. ಬಾಯಿಗೆ ಸೆರಗು ಹಿಡಿದೇ ಮಾತಾಡುತ್ತಿದ್ದೆ. ಬಿ.ಎಸ್ಸಿ. ಓದುವಾಗ ಒಂದು ದಿನ ನಾನು ಕೇಳಿದೆನಲ್ಲ, ನೆನಪಿದೆಯಾ? ನೀನು ರೊಟ್ಟಿ ಬಡಿಯುತ್ತಿದ್ದೆ. "ಅವ್ವಾ, ಅವತ್ತು ನೀ ಖರೇನ ಏನರ ಮಾಡಿದ್ಯೇನು?" ರಸಾಯನಶಾಸ್ತ್ರ ಓದುತ್ತಿದ್ದ ಹುಡುಗಿ ಕೇಳಿದ ಪ್ರಶ್ನೆ ಇದು. ನೀನು ತಲೆಯೆತ್ತಲಿಲ್ಲ. "ರೊಟ್ಟಿ ಹೊತ್ತಾಕತ್ತೈತಿ, ಆ ಕಡೆ ಸರಿ," ಅಂದೆ. ಆ ಮೌನಕ್ಕೆ ನಾನು ಏನೇನೋ ಅರ್ಥ ಹಚ್ಚಿದೆ. ಸಿಟ್ಟು ಎಂದುಕೊಂಡೆ. ಕೆಲವೊಮ್ಮೆ, ಯಾರಿಗೂ ಹೇಳಬೇಡ, ಹೌದು ಎಂದೂ ಅಂದುಕೊಂಡೆ.

ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಪಾಠಕ್ಕೆ ತಯಾರಿ ಮಾಡುವಾಗ. ಅಲ್ಲಿಯವರೆಗೆ ನಾನು ಮಕ್ಕಳಿಗೆ ತಪ್ಪನ್ನೇ ಕಲಿಸುತ್ತಿದ್ದೆ: ಪರಮಾಣುಗಳ ನಡುವಿನ ಬಂಧದಲ್ಲಿ ಶಕ್ತಿ ತುಂಬಿಕೊಂಡಿರುತ್ತದೆ, ಬಂಧ ಒಡೆದರೆ ಅದು ಹೊರಗೆ ಬರುತ್ತದೆ, ಶೇಂಗಾ ಒಡೆದರೆ ಕಾಳು ಬಂದ ಹಾಗೆ. ಹಾಗಲ್ಲ. ಒಡೆಯುವುದಕ್ಕೆ ಶಕ್ತಿ ಕೊಡಬೇಕು. ಬಿಡಿಯಾದವು ಬೇರೆಯದರ ಜೊತೆ ಹೊಸದಾಗಿ ಕೂಡಿಕೊಳ್ಳುವಾಗ, ಕೊಟ್ಟದ್ದಕ್ಕಿಂತ ಹೆಚ್ಚು ಹೊರಬಿದ್ದರೆ, ಅದು ಬಿಸಿ, ಅದು ಬೆಂಕಿ. ಮೊದಲು ಒಂದು ದಿನ್ನೆ ಹತ್ತಬೇಕು, ಆಮೇಲೆ ಇಳಿಜಾರು. ಕಡ್ಡಿ ಗೀರುವುದೆಂದರೆ ದಿನ್ನೆ ಹತ್ತಲು ಕೈ ಕೊಟ್ಟ ಹಾಗೆ. ಕಡ್ಡಿಯೇ ಇಲ್ಲದಿದ್ದರೆ ಕೈ ಕೊಡುವವರು ಯಾರು? ಅದನ್ನು ಹುಡುಕುತ್ತಾ ಓದುವಾಗ ಹಸಿ ಹುಲ್ಲಿನ ಬಣವೆಯ ಮಾತು ಬಂತು.

ನಿನಗೆ ನನ್ನ ಮಾತಿನಲ್ಲೇ ಹೇಳುತ್ತೇನೆ. ಹಸಿ ಹುಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಲ್ಲನ್ನು ತಿಂದು ಉಸಿರಾಡುತ್ತವೆ. ನೀನು ಅಂದದ್ದು ಅಕ್ಷರಶಃ ಖರೆ. ಆ ಉಸಿರಿಗೆ ಬಿಸಿ ಹುಟ್ಟುತ್ತದೆ. ಒತ್ತಿ ಒಟ್ಟಿದ ಹುಲ್ಲು ಆ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಏರಿ ಏರಿ, ತಮ್ಮದೇ ಬಿಸಿಗೆ ಆ ಜೀವಿಗಳೆಲ್ಲ ಸಾಯುತ್ತವೆ. ಅಲ್ಲಿಗೆ ಮುಗಿಯಬೇಕಲ್ಲವೇ? ಮುಗಿಯುವುದಿಲ್ಲ. ಸತ್ತವು ಬಿಟ್ಟುಹೋದ ಬಿಸಿಯೇ ದಿನ್ನೆ ಹತ್ತಲು ಸಾಕಾಗುತ್ತದೆ. ಅಲ್ಲಿಂದ ಮುಂದೆ ಹುಲ್ಲೂ ಗಾಳಿಯೂ ತಾವೇ ಕೂಡಿಕೊಳ್ಳುತ್ತಾ ಹೋಗುತ್ತವೆ, ಒಳಗೆ ಜೀವ ಎಂಬುದು ಒಂದೂ ಇಲ್ಲದೆ. ಬಿಸಿಯಾದಷ್ಟೂ ಬೇಗ, ಬೇಗವಾದಷ್ಟೂ ಬಿಸಿ. ಕಡಿಮೆ ಬೀಳುವುದು ಗಾಳಿ ಒಂದೇ. ಅದಕ್ಕಾಗಿ ಕಾಯುತ್ತಾ ಕೂತಿರುತ್ತದೆ, ದಿನಗಟ್ಟಲೆ, ವಾರಗಟ್ಟಲೆ. ಯಾರಾದರೂ ಬಂದು ಬಿಚ್ಚುವವರೆಗೆ. ಇದನ್ನು ಓದಿದಾಗ ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಹಾಡಹಗಲು. ಆದರೂ ತಿರುಗಿ ಹಿಂದೆ ನೋಡಿದೆ.

ಆಗ ನೀನು ಬದುಕಿದ್ದೆ ಅವ್ವಾ. ಅದನ್ನು ಮುಚ್ಚಿಟ್ಟು ಈ ಪತ್ರ ಬರೆಯಲಾರೆ. ಅವತ್ತೇ ಮುನಿರಾಬಾದಿಗೆ ಬಂದು ಹೇಳಬಹುದಿತ್ತು. ಹೇಳಲಿಲ್ಲ. ನೀನು ಏನೂ ಮಾಡಿಲ್ಲ ಎಂಬುದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಅದನ್ನೇ ನಿನಗೆ ನಾನು ಹೇಳುವುದು ಏನಿದೆ, ಎಂದುಕೊಂಡೆ. ಹೇಳಬೇಕಾದದ್ದು ಉಳಿದರೆ ಒಂದೇ, ಕಟ್ಟೆಯ ಮೇಲೆ ಕೂತು ನಿನ್ನನ್ನು ತೋರಿಸಿಕೊಟ್ಟವಳು ನಾನು ಎಂಬುದು. ಅದಕ್ಕೆ ಬಾಯಿ ಬರಲಿಲ್ಲ. ಮುಂದಿನ ಹಬ್ಬಕ್ಕೆ, ಮುಂದಿನ ರಜೆಗೆ ಎಂದು ದೂಡಿದೆ. ನಿನಗೆ ಯಾರಾದರೂ ಹೇಳಿದ್ದರೇ, ಅದು ನಾನು ಎಂದು? ನೀನು ಒಂದು ದಿನವೂ...

ಮೊನ್ನೆ ಗುರುವಾರ ಮೊದಲ ಪೀರಿಯಡ್. ಬೋರ್ಡಿನ ಮೇಲೆ ದಿನ್ನೆಯ ಗೆರೆ ಎಳೆಯುತ್ತಿದ್ದೆ. ಎರಡನೆಯ ಪಿಯುಸಿಯ ರೇಣುಕಾ ಎದ್ದು ನಿಂತಳು. "ಮಿಸ್, ಯಾರೂ ಹಚ್ಚಲಾರದ ಹತ್ತೂ ಬೆಂಕಿ ಆ ದಿನ್ನಿ ಹ್ಯಾಂಗ ಏರತೈತ್ರಿ?" ಕ್ಲಾಸು ಮುಗಿದ ಮೇಲೆ ಹಿಂದೆಯೇ ಬಂದಳು. ಅವಳ ಊರಿನಲ್ಲಿ ಹುಲ್ಲಿನ ಬಣವೆ ಹೊಗೆಯಾಡುತ್ತಿದೆ, ಅವಳ ಅಜ್ಜಿ ಈರಮ್ಮ ಭಾನಾಮತಿ ಮಾಡಿದ್ದಾಳೆ ಅನ್ನುತ್ತಿದ್ದಾರೆ, ಹೇಳಿಕೆಯಾಗಿದೆ, ಎರಡು ಗಂಟೆಗೆ ಬಣವೆ ಬಿಚ್ಚಿ ವಸ್ತು ತೆಗೆಯುತ್ತಾರೆ. ಯಾವ ಊರು ಎಂದು ಕೇಳಿದೆ. ಕೇಳುವ ಮೊದಲೇ ಗೊತ್ತಿತ್ತು ಅನ್ನಿಸಿತು.

ಕಣ ಅದೇ. ಈಗ ಹುಲ್ಲನ್ನು ಯಂತ್ರದಿಂದ ಸುತ್ತಿ ಉಂಡೆ ಉಂಡೆಯಾಗಿ ಒಟ್ಟುತ್ತಾರೆ. ಒಟ್ಟುವ ಮುಂಚೆ ಮಳೆಯಾಗಿತ್ತಂತೆ, ಈಗಲೂ ಯಾರಿಗೂ ಕಾಯಲು ಪುರುಸೊತ್ತಿಲ್ಲ. ನೆತ್ತಿ ಕುಸಿದಿತ್ತು, ಮಲಗಿದವರ ಹೊಟ್ಟೆ ಒಳಗೆ ಸೇದಿಕೊಂಡ ಹಾಗೆ. ಹೊಗೆ ನೆಟ್ಟಗೆ ನಿಂತಿತ್ತು. ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಜನ ಸೇರಿದ್ದರು. ಒಬ್ಬ ಫೋನಿನಲ್ಲಿ ವಿಡಿಯೊ ಮಾಡುತ್ತಿದ್ದ. "ಮುದುಕಿ ಬಾಯಾಗ ಹಲ್ಲ ಇಲ್ಲಲೇ, ಏನ್ ಕೀಳ್ತಿ?" ಎಂದು ಇನ್ನೊಬ್ಬ ನಗುತ್ತಿದ್ದ. ಸಣ್ಣಗೌಡ ಈಗ ಗೌಡರು. ಮೀಸೆ ಬೆಳ್ಳಗಾಗಿದೆ. ನಾನು ಬಸ್ಸಿನಿಂದಲೇ ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದೆ, ಅವರು ಬರುವವರೆಗೆ ಯಾರೂ ಮುಟ್ಟಬಾರದು ಎಂದೆ.

"ನೀವು ಯಾರ್ರೀ ಮೇಡಂ?" ಅಂದರು ಗೌಡರು.

ಕಾಲೇಜಿನ ಲೆಕ್ಚರರ್ ಅನ್ನಬಹುದಿತ್ತು. ಮುನಿರಾಬಾದಿನವಳು ಅನ್ನಬಹುದಿತ್ತು, ಜೀವನವಿಡೀ ಹಾಗೇ ಅಂದದ್ದು. "ನೀಲವ್ವನ ಮಗಳು," ಅಂದೆ.

ಹಿಂದೆ ಯಾವುದೋ ಹೆಂಗಸು, "ಯವ್ವಾ, ಅಕೀ ಮಗಳು!" ಎಂದು ಮಗುವನ್ನು ಎತ್ತಿಕೊಂಡು ಹಿಂದೆ ಸರಿದಳು. ನನ್ನನ್ನು ನೋಡಿ ಒಬ್ಬರು ಮಗುವನ್ನು ಮರೆಮಾಡಿದ್ದು ಜೀವನದಲ್ಲಿ ಅದೇ ಮೊದಲು. ನಿನಗೆ ಎಷ್ಟು ಸಲವೋ.

ಆಮೇಲೆ ಹೇಳಿದೆ. ಇಂಗ್ಲಿಷಿನಲ್ಲಿ ಕಲಿತದ್ದನ್ನು ಆ ಊರಿನ ಭಾಷೆಯಲ್ಲಿ ಹೇಳಲು ತಡವರಿಸುತ್ತಾ, ತಿಪ್ಪೆಯ ಮಾತು, ಉಸಿರಿನ ಮಾತು, ಗಾಳಿಯ ಮಾತು. "ಅವತ್ತು ನಮ್ಮವ್ವ ಬಿಚ್ಚಬ್ಯಾಡ್ರಿ ಅಂದ್ಲು. ನೀವು ಬಿಚ್ಚಿದ್ರಿ. ಬೆಂಕಿ ಹಚ್ಚಿದವರು ನೀವು ಗೌಡ್ರ. ಅಕೀನ ತೋರಿಸಿ ಕೊಟ್ಟಾಕಿ ನಾನು. ಅಕಿ ಕೈ ಹಾಕಿ ನೋಡತಾಳ ಅಂತ ನಾನ ನಿಮಗ ಹೇಳಿದ್ದು, ನೆನಪೈತಿಲ್ಲ?" ಗೌಡರು ನೆಲ ನೋಡಿದರು. ನೆನಪಿತ್ತು. ನನಗೆ ಕೊಟ್ಟ ಉಂಡೆ ಕೂಡ ನೆನಪಿದ್ದಿರಬೇಕು. "ಹಾರಿ ತರಿಸ್ರಿ," ಅಂದೆ. ಉದ್ದನೆಯ ಕಬ್ಬಿಣದ ಹಾರೆಯನ್ನು ಹುಲ್ಲಿನೊಳಗೆ ಚುಚ್ಚಿಸಿ, ಸ್ವಲ್ಪ ಹೊತ್ತು ಬಿಟ್ಟು, ತೆಗೆಸಿ, ತುದಿ ಮುಟ್ಟಲು ಗೌಡರಿಗೇ ಹೇಳಿದೆ. ಮುಟ್ಟಿ ಬೆರಳು ಬಾಯಿಗಿಟ್ಟುಕೊಂಡರು.

ಅಷ್ಟರಲ್ಲಿ ಖಾಜಾಸಾಬ ಎಂಬುವನು ತನ್ನ ನೀರಿನ ಟ್ಯಾಂಕರನ್ನು ಕಣಕ್ಕೆ ತಂದು ನಿಲ್ಲಿಸಿದ. "ಮೇಡಂ, ಭಾನಾಮತಿ ನೀರ್ ಕುಡೀತೈತೋ ಇಲ್ಲೋ ನನಗ ಗೊತ್ತಿಲ್ರಿ. ಬೆಂಕಿ ಮಾತ್ರ ಕುಡೀತೈತಿ," ಅಂದ. ಒಂದಿಬ್ಬರು ನಕ್ಕರು. ಆ ನಗುವಿಗೆ ನಾನು ಎಷ್ಟು ಋಣಿ ಎಂದು ಅವನಿಗೆ ಗೊತ್ತಿಲ್ಲ. ಕೆಂಪು ಗಾಡಿ ಬಂತು. ಎಲ್ಲರನ್ನೂ ದೂರ ನಿಲ್ಲಿಸಿ, ಬದಿಯಿಂದ ಒಂದೊಂದೇ ಉಂಡೆಯನ್ನು ನೀರು ಹೊಡೆಯುತ್ತಾ ಎಳೆದರು. ನಾಲ್ಕನೆಯದನ್ನು ಎಳೆದಾಗ ಒಳಗಿನ ಕತ್ತಲೆ ಕಾಣಿಸಿತು, ಮರುಕ್ಷಣ ಉರಿ ಎದ್ದಿತು. ಎದ್ದ ಹಾಗೆಯೇ ನೀರಿಗೆ ಬಿತ್ತು. ಒಳಗೆ ನಿಂಬೆಹಣ್ಣಿರಲಿಲ್ಲ, ಗೊಂಬೆಯಿರಲಿಲ್ಲ. ಕರ್ರಗಿನ ಒಂದು ಪೊಳ್ಳು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಷ್ಟು ಹೊತ್ತು ಅಲ್ಲಿ ಏನೋ ಇತ್ತು, ಈಗ ಎದ್ದು ಹೋಯಿತು ಎಂದು ನನ್ನ ಮೈ ಅನ್ನುತ್ತಿತ್ತು. ಇಷ್ಟು ಓದಿದ ಮೈ.

ಎಲ್ಲರೂ ನಂಬಿದರು ಎಂದು ಬರೆಯಲಾರೆ. "ಅಕಿ ದೂರ ಕುಂತೂ ಮಾಡತಾಳ," ಎಂದು ಯಾರೋ ಅಂದದ್ದು ಕೇಳಿಸಿತು. ಆದರೆ ಗೌಡರು ತಾವೇ ಎದ್ದು, "ಸಾಕು ನಡೀರಿ, ಮುದುಕಿ ತಂಟಿಗೆ ಯಾರೂ ಹೋಗಬ್ಯಾಡ್ರಿ," ಅಂದರು.

ರೇಣುಕಾಳ ಮನೆಯ ಪಡಸಾಲೆಯಲ್ಲಿ ಈರಮ್ಮ ಗೋಡೆಗೆ ಆತು ಕೂತಿದ್ದಳು. ಮೊಮ್ಮಗಳು ನಡೆದದ್ದೆಲ್ಲ ಹೇಳಿದಳು. ಮುದುಕಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಹಂಗಾರ ನಾನಲ್ಲೇನವ್ವ?"

ನನಗೆ ತಿಳಿಯಲಿಲ್ಲ. ಏನು ಎಂದೆ.

"ಅದರ ಬಾಜೂ ಹಾದು ಹೋಗುವಾಗ ಗೌಡಗ ಮನಸಿನ್ಯಾಗ ಬೈದಿದ್ನೆವ್ವ. ಸುಟ್ಟು ಹೋಗ್ಲಿ ಅಂದಿದ್ದೆ. ಮರುದಿನ ಹೊಗಿ ಬಂತು. ನನ್ನ ಬಾಯಾಗ ಏನೋ ಐತಿ ಅಂದ್ಕೊಂಡಿದ್ದೆ. ಹಂಗಾರ ನಾನಲ್ಲೇನು?"

"ನೀವಲ್ಲಮ್ಮ," ಅಂದೆ.

ಅವಳು ಮತ್ತೆ ಕೇಳಿದಳು. ಮತ್ತೆ ಹೇಳಿದೆ. ಹೇಳುತ್ತಿದ್ದ ಹಾಗೆ, ಎಷ್ಟೋ ವರ್ಷದಿಂದ ನೆನೆಯದ ಒಂದು ಸಂಗತಿ ಕಣ್ಣೆದುರು ಬಂತು. ಮುನಿರಾಬಾದಿನಲ್ಲಿ ಪಕ್ಕದ ಕ್ವಾರ್ಟರ್ಸಿನ ಕೂಸನ್ನು ಎತ್ತಿಕೊಳ್ಳುವ ಮೊದಲು ನೀನು ಬಲಗೈಯನ್ನು ಬಕೀಟಿನ ನೀರಲ್ಲಿ ಅದ್ದಿ, ಒರೆಸಿ, ನಿನ್ನ ಕೆನ್ನೆಗೆ ಹಚ್ಚಿ ನೋಡಿಕೊಳ್ಳುತ್ತಿದ್ದೆ. ಚಳಿಗಾಲದಲ್ಲೂ. ಶುಚಿ ಎಂದುಕೊಂಡಿದ್ದೆ ನಾನು. ಚೀಲದಿಂದ ಜೋಳ ತೆಗೆಯಬೇಕಾದರೆ ನೀನು ಎಂದೂ ಕೈ ಹಾಕುತ್ತಿರಲಿಲ್ಲ, ನನ್ನನ್ನು ಕರೆಯುತ್ತಿದ್ದೆ. ಮಗಳಿಗೆ ಕೆಲಸ ಕಲಿಸುತ್ತಿದ್ದಾಳೆ ಎಂದುಕೊಂಡಿದ್ದೆ. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ನಾನು ಸುಮ್ಮನಿದ್ದ ಅಷ್ಟೂ ವರ್ಷ, ಅವ್ವಾ, ನೀನು ನಿನ್ನ ಕೈಗೇ ಹೆದರಿಕೊಂಡು...

ಈರಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡು ಮೂರನೆಯ ಸಲ ಕೇಳಿದಳು. ನಾನು ಹೇಳಿದೆ, ಈ ಸಲ ಜೋರಾಗಿ, ರೇಣುಕಾ ಬೆಚ್ಚಿ ನೋಡುವಷ್ಟು ಜೋರಾಗಿ: ನೀನಲ್ಲ.

ಮೂರನೆಯ ಸಲ ಹೇಳಿದ್ದು ಅವಳಿಗಲ್ಲ.

ನಿನ್ನ ಮಗಳು
ಸುಮಾ